ಹೊಲಿಗೆ ಬಿಚ್ಚಿಸಿ, ಮನಸ್ಸು ಹರಿಯಬೇಡಿ

ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿರುವ ಸಹೋದರಿಗೆ,

ನಿಮ್ಮ ತಾಯಿಯ ವಯಸ್ಸಿನ ಟೈಲರನ್ನು ಎಲ್ಲರೆದುರು ಗದರಿದಿರಿ, ಅವರು ಮಾತು ಬಿಟ್ಟರು. ಹೊಲಿಗೆ ಕೆಟ್ಟಿದ್ದು ನಿಜ, ಹೇಳಲೇಬೇಕಿತ್ತು. ಆದರೆ ಎದುರಿನವರ ಮಾನ ಉಳಿಸಿ ತಪ್ಪು ತೋರಿಸುವುದಕ್ಕೇ ನಯ ಎನ್ನುತ್ತೇವೆ.

ತಿರುಪ್ಪೂರು ಇರುವ ಕೊಂಗುನಾಡಿನವರ ಮಾತು ಗಮನಿಸಿದ್ದೀರಾ? ಎಳೆಯ ಮಗುವನ್ನೂ ‘ವಾಂಗ’ (ಬನ್ನಿ) ಎಂದು ಬಹುವಚನದಲ್ಲೇ ಕರೆಯುತ್ತಾರೆ. ಅಂಥವರಿಗೆ ನಿಮ್ಮ ಏಕವಚನದ ‘ವಾ, ಪೋ’ (ಬಾ, ಹೋಗು) ಚುಚ್ಚದೆ ಇರುತ್ತದೆಯೇ? ಹೊಸದಾಗಿ ತಮಿಳು ಕಲಿತ ನಮ್ಮವರು ಎಡವುವುದು ಇಲ್ಲೇ.

ಇನ್ನು ಮುಂದೆ ಟೀ ಬಿಡುವಿನಲ್ಲಿ ಅವರ ಮಿಷನ್ ಪಕ್ಕ ಕೂತು, ‘ಅಮ್ಮಾ, ಈ ತೋಳಿನ ಹತ್ತಿರ ಹೊಲಿಗೆ ಬಿಡ್ತಾ ಇದೆ, ಸೂಜಿ ಒಮ್ಮೆ ನೋಡೋಣವಾ?’ ಎಂದು ಅವರ ಭಾಷೆಯಲ್ಲೇ ಕೇಳಿ. ಅದಕ್ಕೂ ಮೊದಲು, ನಾಳೆ ಬೆಳಿಗ್ಗೆಯೇ ಕ್ಷಮೆ ಕೇಳಿ. ಗದರಿದ್ದು ಎಲ್ಲರೆದುರು, ಕ್ಷಮೆಯೂ ಎಲ್ಲರೆದುರೇ ಆಗಲಿ.