ಹೊಸ ಮನೆಗೆ ಹಳೆಯ ತೊಟ್ಟಿ

ಮುಂಬಯಿ, ಪುಣೆಗಳಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತಿಯ ಹಣದಿಂದ ಊರಿನಲ್ಲೊಂದು ಮನೆ ಕಟ್ಟಿಸುವ ಕನ್ನಡಿಗರು ಅಜ್ಜನ ಕಾಲದ ಮನೆಯ ಚೆಲುವನ್ನು ಅದರಲ್ಲಿಯೂ ಕಾಣಬಯಸುವುದು ಸಹಜ. ಆದರೆ ಈ ಬಯಕೆ ಹಲವು ವೇಳೆ ಮುಂಬಾಗಿಲಿನ ಎರಡು ಕೆತ್ತನೆಯ ಕಂಬಗಳಲ್ಲಿಯೇ ಮುಗಿದುಹೋಗುತ್ತದೆ. ಕಂಬಗಳ ಹಿಂದೆ ಹಗಲಿನಲ್ಲಿಯೂ ದೀಪ ಬೇಡುವ ನಡುಮನೆ, ಗಾಳಿಯಾಡದ ಕೋಣೆಗಳು! ಹಳೆಯ ಮನೆಯಿಂದ ಮೊದಲು ಎರವಲು ಪಡೆಯತಕ್ಕದ್ದು ಗಾಳಿ ಬೆಳಕುಗಳ ವ್ಯವಸ್ಥೆ. ಕಂಬ, ಬೋದಿಗೆಗಳ ಮಾತು ಆಮೇಲೆ.

ಹಳೆಯ ಮೈಸೂರು ಸೀಮೆಯ ತೊಟ್ಟಿಮನೆಯನ್ನೇ ನೋಡಬಹುದು. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ಕಂಬಗಳ ಮೇಲೆ ಒಳಕ್ಕೆ ಇಳಿಜಾರಾದ ಹೆಂಚಿನ ಮಾಡು, ಅದರ ಹಿಂದೆ ಕೋಣೆಗಳು. ಬಿಸಿಯಾದ ಗಾಳಿ ಹಗುರಾಗಿ ತೊಟ್ಟಿಯ ಮೂಲಕ ಮೇಲೇರಿದಂತೆ ಹೊರಗೋಡೆಯ ಕಿಟಕಿಗಳಿಂದ ಹೊಸ ಗಾಳಿ ಒಳಬರುತ್ತದೆ. ಮಾಡಿನ ನೆರಳಿರುವುದರಿಂದ ಉರಿಬಿಸಿಲು ಕೋಣೆಗೆ ನುಗ್ಗದು. ಬೆಳಕು ಮಾತ್ರ ದೊರೆಯುತ್ತದೆ. 30 ಅಡಿಗೆ 40 ಅಡಿಯ ನಿವೇಶನದಲ್ಲಿ ಇದಕ್ಕೆಲ್ಲಿ ಜಾಗ ಎಂದು ಕೇಳುವವರುಂಟು. ಉದ್ದಗಲ 8 ಅಡಿಯ ತೊಟ್ಟಿಗೆ ಬೇಕಾಗುವುದು 64 ಚದರಡಿ. 1,200 ಚದರಡಿಯಲ್ಲಿ ಇದು ಶೇಕಡಾ 5ಕ್ಕಿಂತ ತುಸು ಹೆಚ್ಚು. ಹಗಲಿನ ದೀಪ, ಪಂಖಗಳ ಖರ್ಚನ್ನು ವರ್ಷಗಟ್ಟಲೆ ಲೆಕ್ಕವಿಟ್ಟವರಿಗೆ ಈ ಹೂಡಿಕೆ ದುಬಾರಿಯೆನಿಸದು. (ಸಾಲ ಮಾಡಿ ಕೆತ್ತಿಸಿದ ಕಂಬಕ್ಕೆ ಎಷ್ಟು ಬಡ್ಡಿ ಕಟ್ಟಿದರೂ ಅದು ಗಾಳಿ ಬೀಸದು!)

ಮಳೆ, ಕಳ್ಳರ ಭಯದಿಂದ ತೊಟ್ಟಿಯ ಮೇಲೆ ಗಾಜನ್ನು ಭದ್ರವಾಗಿ ಮುಚ್ಚಿಸುವವರಿದ್ದಾರೆ. ಆಗ ಬಿಸಿಲು ಒಳಬಂದು, ಬಿಸಿಗಾಳಿ ಹೊರಹೋಗದೆ, ತಂಪಿಗಾಗಿ ಬಿಟ್ಟ ಜಾಗವೇ ಒಲೆಯಾಗುತ್ತದೆ. ಮೇಲಿನ ಹೊದಿಕೆಯನ್ನು ಒಂದೆರಡು ಅಡಿ ಎತ್ತರಿಸಿ, ಬದಿಗಳಿಗೆ ಕಬ್ಬಿಣದ ಸರಳು, ಸೊಳ್ಳೆಯ ಜಾಲರಿ ಹಾಕಿಸಿದರೆ ಎರಡೂ ಭಯ ನೀಗಿ ಗಾಳಿಗೂ ದಾರಿ ಉಳಿಯುತ್ತದೆ. ತೊಟ್ಟಿಯ ನೆಲ ಬಚ್ಚಲ ಕಂಡಿಯತ್ತ ಇಳಿಜಾರಾಗಿರಬೇಕು. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಡುವುದು ನಿಂತ ತಿಳಿನೀರಿನಲ್ಲಿ; ಆದುದರಿಂದ ಅಲಂಕಾರಕ್ಕೆಂದು ಇರಿಸಿದ ಹಿತ್ತಾಳೆ ಉರುಳಿಯ ನೀರನ್ನೂ ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ, ಪಾತ್ರೆಯನ್ನು ತಿಕ್ಕಿ ತೊಳೆಯತಕ್ಕದ್ದು. ಇನ್ನೊಂದು ಮಾತು: ತೊಟ್ಟಿಗೆ ಇಳಿಯುವ ಮೆಟ್ಟಿಲಿನ ಅಂಚು ಮುಪ್ಪಿನ ಕಣ್ಣಿಗೆ ಬೇಗ ಕಾಣದು. ನಿವೃತ್ತರ ಮನೆಯಲ್ಲಿ ಆ ಅಂಚಿಗೆ ಬೇರೆ ಬಣ್ಣದ ಕಲ್ಲು, ಪಕ್ಕದಲ್ಲಿ ಕೈಯಾಸರೆ ಅವಶ್ಯ. ನುಣುಪು ಹಾಸುಗಲ್ಲು ಎಷ್ಟೇ ಅಂದವಾಗಿದ್ದರೂ ಅಲ್ಲಿ ಸಲ್ಲದು.

ಎಲ್ಲ ಸೀಮೆಗೂ ಒಂದೇ ನಕ್ಷೆ ಹೊಂದದು. ಕರಾವಳಿಯ ಮಳೆಗೆ ಕಡಿದಾದ ಮಾಡು, ಮುಂಚಾಚಿದ ಸೂರು ಬೇಕು. ವಿಜಯಪುರದ ಬಯಲಿನಲ್ಲಿ ಹಗಲಿನ ಕಾವು ಒಳಸೇರಲು ತಡವಾಗಲೆಂದು ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಸಣ್ಣ ಕಿಟಕಿಗಳನ್ನು ಹಿರಿಯರು ಇಟ್ಟರು. ಹಿರಿಯರು ಹೊಸತನ್ನು ದೂರವಿಟ್ಟವರೂ ಅಲ್ಲ. ಈಗ ಪುರಾತನವೆನಿಸುವ ಮಂಗಳೂರು ಹೆಂಚಿನ ಕಾರ್ಖಾನೆಯನ್ನು ಬಾಸೆಲ್ ಮಿಶನ್ನಿನವರು ತೆರೆದದ್ದು 1865ರಲ್ಲಿ. ಇಂಗ್ಲೆಂಡಿನಲ್ಲಿ ಹುಟ್ಟಿ ತಿರುವನಂತಪುರದಲ್ಲಿ ನೆಲೆಸಿದ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಇಟ್ಟಿಗೆಗಳ ನಡುವೆ ಕಂಡಿ ಬಿಟ್ಟು, ಹಳೆಯ ಜಾಲಂಧ್ರವನ್ನು ಅಗ್ಗದ ಮನೆಗಳಿಗೂ ತಂದರು. ಕಿಟಕಿಯ ಚೌಕಟ್ಟಿನ ಖರ್ಚೂ ಉಳಿಯಿತು.

ಮಹಾನಗರದ ಫ್ಲಾಟಿನಲ್ಲಿ ತೊಟ್ಟಿ ಅಸಾಧ್ಯ. ಊರಿನ ಜಗಲಿಯ ಕೆಲಸವನ್ನು ಅಲ್ಲಿ ಬಾಲ್ಕನಿ ತಕ್ಕಮಟ್ಟಿಗೆ ಮಾಡಬಲ್ಲದು, ಅದನ್ನೂ ಗಾಜಿನಿಂದ ಮುಚ್ಚಿ ಕೋಣೆಗೆ ಸೇರಿಸಿಕೊಳ್ಳದಿದ್ದರೆ.