ಕೆಲಸಕ್ಕೆ ಹೋಗಿ ಬರುವ ಖರ್ಚು ಯಾರದು?
(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ)



ನಮ್ಮ ಸಂಘಗಳ ಎಷ್ಟೋ ಸದಸ್ಯೆಯರು, ಅವರ ಮಕ್ಕಳು, ಸೊಸೆಯಂದಿರು ಈಗ ಮನೆಯಿಂದ ದೂರ ಹೋಗಿ ದುಡಿಯುತ್ತಿದ್ದಾರೆ. ಸಂಬಳ ಎಷ್ಟು ಅಂತ ಕೇಳಿದರೆ ಎಲ್ಲರೂ ಥಟ್ಟನೆ ಹೇಳ್ತಾರೆ. ಆ ಸಂಬಳ ತರಲು ತಿಂಗಳಿಗೆ ಎಷ್ಟು ಖರ್ಚಾಗುತ್ತದೆ ಅಂತ ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡ್ತಾರೆ. ಇಂದಿನ ಪಾಠ ಆ ಖರ್ಚಿನ ಬಗ್ಗೆ. ಉದಾಹರಣೆಗೆ ವಿಮಾನ ನಿಲ್ದಾಣದ ಕೆಲಸವನ್ನು ತೆಗೆದುಕೊಳ್ಳೋಣ.

ವಿಮಾನ ನಿಲ್ದಾಣದ ವಿಶೇಷ ಏನು?

ಬೆಂಗಳೂರಿನ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣ ನಗರದೊಳಗೇ ಇತ್ತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಹತ್ತಿರ ಹೊಸ ನಿಲ್ದಾಣ ಶುರುವಾಯಿತು. ಇದು ನಗರದ ನಡುಭಾಗದಿಂದ ಸುಮಾರು 35 ಕಿಲೋಮೀಟರ್ ದೂರ. ಅಲ್ಲಿ ನೆಲ ಒರೆಸುವವರು, ಶೌಚಾಲಯ ಶುಚಿ ಮಾಡುವವರು, ಟ್ರಾಲಿ ತಳ್ಳುವವರು, ಹೋಟೆಲಿನಲ್ಲಿ ತಟ್ಟೆ ತೊಳೆಯುವವರು, ಸಾಮಾನು ಏರಿಸಿ ಇಳಿಸುವವರು ಹೀಗೆ ಸಾವಿರಾರು ಜನ ದುಡಿಯುತ್ತಾರೆ. ಹೆಚ್ಚಿನವರು ಗುತ್ತಿಗೆದಾರರ ಕೈಕೆಳಗೆ.

ವಿಮಾನಗಳು ಹಗಲು ರಾತ್ರಿ ಎನ್ನದೆ ಬಂದು ಹೋಗುತ್ತವೆ. ಆದ್ದರಿಂದ ಕೆಲಸವೂ ಪಾಳಿಯ ಮೇಲೆ. ಬೆಳಗಿನ ಜಾವ ನಾಲ್ಕಕ್ಕೆ ಹಾಜರಿರಬೇಕಾದರೆ ಹಳ್ಳಿಯಿಂದ ಆ ಹೊತ್ತಿಗೆ ಯಾವ ಬಸ್ಸು ಸಿಗುತ್ತದೆ? ಸಾಲ ಮಾಡಿಯಾದರೂ ಒಂದು ಸ್ಕೂಟರ್ ಕೊಳ್ಳಬೇಕಾಗುತ್ತದೆ.

ಪೇಟೆಯ ಅಂಗಡಿಯಲ್ಲಿ ಕೆಲಸವಾದರೆ ಗಾಡಿಯನ್ನು ಪಕ್ಕದ ಗಲ್ಲಿಯಲ್ಲೋ ಪರಿಚಯದವರ ಮನೆಯ ಮುಂದೋ ನಿಲ್ಲಿಸಬಹುದು. ವಿಮಾನ ನಿಲ್ದಾಣದಲ್ಲಿ ಭದ್ರತೆಯ ಕಾರಣಕ್ಕೆ ಹಾಗೆ ಮಾಡಲಾಗದು. ಗೊತ್ತುಮಾಡಿದ ಜಾಗದಲ್ಲೇ ನಿಲ್ಲಿಸಬೇಕು. ಆ ಜಾಗಕ್ಕೆ ಶುಲ್ಕ ಇದ್ದರೆ ಕೊಡಲೇಬೇಕು. ಗಾಡಿಯೂ ಬೇಕು, ಬೇರೆ ಜಾಗವೂ ಇಲ್ಲ ಅನ್ನುವ ಕಡೆ ಪಾರ್ಕಿಂಗ್ ಹಣ ಶೋಕಿಯ ಖರ್ಚಲ್ಲ. ಅದು ಕೆಲಸದ ಖರ್ಚು.

ಲೆಕ್ಕ ಹಾಕಿ ನೋಡೋಣ

ಇದು ಕೇವಲ ಉದಾಹರಣೆಯ ಲೆಕ್ಕ. ನಿಮ್ಮ ನಿಮ್ಮ ಅಂಕಿ ಹಾಕಿ ಬದಲಾಯಿಸಿಕೊಳ್ಳಿ. ಒಬ್ಬ ಸಹೋದರಿಯ ಸಂಬಳ ತಿಂಗಳಿಗೆ 15,000 ರೂ. ಎಂದುಕೊಳ್ಳೋಣ. ಮನೆಯಿಂದ ಕೆಲಸಕ್ಕೆ 15 ಕಿ.ಮೀ. ತಿಂಗಳಿಗೆ 26 ದಿನ ಕೆಲಸ.

• ಪಾರ್ಕಿಂಗ್ ದಿನಕ್ಕೆ 25 ರೂ.ನಂತೆ 26 ದಿನಕ್ಕೆ 650 ರೂ.
• ದಿನಕ್ಕೆ 30 ಕಿ.ಮೀ.ನಂತೆ ತಿಂಗಳಿಗೆ 780 ಕಿ.ಮೀ. ಲೀಟರಿಗೆ 40 ಕಿ.ಮೀ. ಓಡಿದರೆ 19.5 ಲೀಟರ್ ಪೆಟ್ರೋಲು. ಲೀಟರಿಗೆ 100 ರೂ. ಎಂದು ಹಿಡಿದರೆ 1,950 ರೂ.
• ಒಟ್ಟು ತಿಂಗಳಿಗೆ 2,600 ರೂ.

ನೂರು ರೂಪಾಯಿ ದುಡಿದರೆ 17 ರೂಪಾಯಿ ದಾರಿಗೇ ಹೋಯಿತು. ಸ್ಕೂಟರಿನ ಕಂತು, ಟಯರು, ರಿಪೇರಿ ಇನ್ನೂ ಸೇರಿಸಿಲ್ಲ!

ಇದನ್ನು ನಮ್ಮ ಉಳಿತಾಯದ ಪಾಸ್ ಪುಸ್ತಕದ ಜೊತೆ ಹೋಲಿಸಿ. ವಾರಕ್ಕೆ 50 ರೂ. ಉಳಿಸಿದರೆ ವರ್ಷಕ್ಕೆ 2,600 ರೂ. ಅಂದರೆ ನಾವು ಒಂದು ವರ್ಷ ಕೂಡಿಟ್ಟದ್ದು ಒಂದು ತಿಂಗಳ ಓಡಾಟಕ್ಕೆ ಸಮ. ಪಾರ್ಕಿಂಗ್ ಒಂದೇ ವರ್ಷಕ್ಕೆ 7,800 ರೂ. ಆಗುತ್ತದೆ. ಅದು ಮೂರು ವರ್ಷದ ಉಳಿತಾಯ. ದಿನಕ್ಕೆ ಇಪ್ಪತ್ತೈದು ರೂಪಾಯಿ ತಾನೇ ಅಂತ ಯಾರಾದರೂ ಅಂದರೆ ಈ ಲೆಕ್ಕ ತೋರಿಸಿ.

ಮಾಲೀಕರು ಕೊಡಬೇಕೇ? ಎರಡೂ ಕಡೆಯ ಮಾತು

ಕೊಡಬೇಕು ಅನ್ನುವವರ ಮಾತು: ಕೆಲಸದ ಜಾಗ ಗೊತ್ತುಮಾಡಿದ್ದು ನಾವಲ್ಲ, ಪಾಳಿಯ ಹೊತ್ತು ಇಟ್ಟಿದ್ದೂ ನಾವಲ್ಲ. ಅವರ ಏರ್ಪಾಟಿನಿಂದ ಬಂದ ಖರ್ಚನ್ನು ಅವರೇ ಹೊರಬೇಕು. ಸಮವಸ್ತ್ರ ಹಾಕಿಕೊಂಡೇ ಬಾ ಅನ್ನುವವರು ಸಮವಸ್ತ್ರ ಕೊಡಬೇಕಲ್ಲವೇ, ಇದೂ ಹಾಗೇ. ಮೇಲಾಗಿ ದೊಡ್ಡ ಸಂಬಳದವರಿಗೆ ಕಂಪನಿ ಕಾರು, ಚಾಲಕ ಎಲ್ಲ ಸಿಗುವುದುಂಟು. ಕಸ ಗುಡಿಸುವವಳು ಮಾತ್ರ ಕೈಯಿಂದ ಹಾಕಬೇಕೇ?

ಬೇಡ ಅನ್ನುವವರ ಮಾತು: ಎಲ್ಲಿ ವಾಸ ಮಾಡಬೇಕು, ಹೇಗೆ ಬರಬೇಕು ಅನ್ನೋದು ಕೆಲಸಗಾರರ ಇಷ್ಟ. ಗಾಡಿ ತಂದವರಿಗೆ ಮಾತ್ರ ಹಣ ಕೊಟ್ಟರೆ ಬಸ್ಸಿನಲ್ಲಿ ಬರುವವರು, ನಡೆದು ಬರುವವರು ಏನು ಪಾಪ ಮಾಡಿದ್ದಾರೆ? ಪಾರ್ಕಿಂಗ್ ಬಿಟ್ಟಿ ಅಂದರೆ ಎಲ್ಲರೂ ಗಾಡಿ ತರುತ್ತಾರೆ, ಜಾಗ ಸಾಲದು.

ಈ ಎರಡನೇ ಮಾತನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1992ರಲ್ಲಿ ಒಂದು ಕಾನೂನು ಮಾಡಿದರು. ಕೆಲಸಗಾರರ ಪಾರ್ಕಿಂಗಿಗೆ ಹಣ ಕೊಡುವ ಕೆಲವು ದೊಡ್ಡ ಮಾಲೀಕರು, ಪಾರ್ಕಿಂಗ್ ಬೇಡ ಅನ್ನುವವರಿಗೆ ಅಷ್ಟೇ ಹಣವನ್ನು ಕೈಗೆ ಕೊಡಬೇಕು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ 2012ರಿಂದ ಬೇರೆ ಕ್ರಮ ಇದೆ. 11 ಅಥವಾ ಅದಕ್ಕಿಂತ ಹೆಚ್ಚು ಪಾರ್ಕಿಂಗ್ ಜಾಗ ಇಟ್ಟಿರುವ ಮಾಲೀಕರು ಪ್ರತಿ ಜಾಗಕ್ಕೂ ನಗರಸಭೆಗೆ ವರ್ಷಕ್ಕಿಷ್ಟು ಎಂದು ಕಟ್ಟಬೇಕು. ಆ ಹಣ ಟ್ರಾಮ್ ಮೊದಲಾದ ಸಾರ್ವಜನಿಕ ಸಾರಿಗೆಗೆ ಹೋಗುತ್ತದೆ. ಆದರೆ ಈ ಹೊರೆಯನ್ನು ಕೆಲಸಗಾರರ ಮೇಲೆ ಹಾಕಲು ಮಾಲೀಕರಿಗೆ ಅಲ್ಲಿ ಅವಕಾಶ ಇದೆ. ನಾವು ಕೇಳುವಾಗ ಈ ತೂತನ್ನು ನೆನಪಿಡಬೇಕು.

ನಮ್ಮ ಕಾನೂನು ಏನು ಹೇಳುತ್ತದೆ?

ಪಾರ್ಕಿಂಗ್ ಹಣ ಕೊಡಲೇಬೇಕು ಎಂದು ಮಾಲೀಕರಿಗೆ ಹೇಳುವ ಕಾನೂನು ನಮ್ಮಲ್ಲಿ ಇಲ್ಲ. ಆದರೂ ಕೇಳಲು ಆಧಾರ ಇದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಿಂದ ಮತ್ತು ಹಳೆಯ ಕಾನೂನಿನಿಂದ ನಾವು ತಿಳಿಯಬೇಕಾದ ನಾಲ್ಕು ಮಾತು:

1. ಕಾನೂನಿನಲ್ಲಿ ಹೇಳಿದ ಕಾರಣಗಳಿಗಲ್ಲದೆ ವೇತನದಲ್ಲಿ ಕಡಿತ ಮಾಡುವಂತಿಲ್ಲ. ಸಂಬಳದ ಚೀಟಿಯಲ್ಲಿ ತಿಳಿಯದ ಕಡಿತ ಕಂಡರೆ ಯಾವುದಕ್ಕೆ ಅಂತ ಕೇಳಿ.

2. ಪ್ರಯಾಣ ಭತ್ಯೆ ‘ವೇತನ’ದ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ಮೂಲ ವೇತನವನ್ನೇ ಮುರಿದು ‘ಇಗೋ ನಿನ್ನ ಪ್ರಯಾಣ ಭತ್ಯೆ’ ಅಂತ ಕೊಟ್ಟರೆ ನಮಗೆ ನಷ್ಟ, ಭವಿಷ್ಯ ನಿಧಿಯೂ ತಗ್ಗಬಹುದು. ಭತ್ಯೆ ವೇತನದ ಮೇಲೆ ಬರಬೇಕು, ವೇತನದೊಳಗಿಂದ ಅಲ್ಲ.

3. ಮಹಿಳೆಯರನ್ನು ರಾತ್ರಿ ಪಾಳಿಗೆ ಹಾಕಬೇಕಾದರೆ ಅವರ ಒಪ್ಪಿಗೆ ಬೇಕು, ಸುರಕ್ಷತೆಯ ಏರ್ಪಾಟೂ ಬೇಕು. ಮನೆಯ ತನಕ ಬಿಡುವ ವಾಹನ ಕೇಳಲು ಇದೇ ಆಧಾರ.

4. ಇ.ಎಸ್.ಐ. ಇರುವವರಿಗೆ ಮನೆ ಮತ್ತು ಕೆಲಸದ ನಡುವಿನ ದಾರಿಯಲ್ಲಿ ಅಪಘಾತವಾದರೆ, ಅದಕ್ಕೂ ಕೆಲಸಕ್ಕೂ ಸಂಬಂಧ ಇದ್ದಲ್ಲಿ, ಅದನ್ನು ಕೆಲಸದಲ್ಲಿ ಆದ ಅಪಘಾತ ಎಂದೇ ಪರಿಗಣಿಸುವ ನಿಯಮ 2010ರಿಂದ ಇದೆ. ದಾರಿಯ ಅಪಾಯ ಕೆಲಸದ ಭಾಗ ಅಂತ ಕಾನೂನೇ ಒಪ್ಪಿದ ಮೇಲೆ ದಾರಿಯ ಖರ್ಚು ಕೆಲಸದ ಭಾಗ ಅಲ್ಲ ಅನ್ನುವುದು ಹೇಗೆ?

ಇನ್ನೊಂದು ವಿಷಯ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ದೊರೆಯಿತು. ಆದರೆ ವಿಮಾನ ನಿಲ್ದಾಣಕ್ಕೆ ಓಡುವ ಹವಾನಿಯಂತ್ರಿತ ವಾಯುವಜ್ರ ಬಸ್ಸು ಅದಕ್ಕೆ ಸೇರಲಿಲ್ಲ. ಪಾಳಿಯ ಹೊತ್ತಿಗೆ ಸರಿಯಾಗಿ ಸಾಮಾನ್ಯ ಬಸ್ಸು ಬಿಟ್ಟರೆ ಎಷ್ಟೋ ಜನರಿಗೆ ಗಾಡಿಯೂ ಬೇಡ, ಪಾರ್ಕಿಂಗೂ ಬೇಡ.

ಹಾಗಾದರೆ ನಾವು ಏನು ಕೇಳಬೇಕು?

ಬರೀ ಪಾರ್ಕಿಂಗ್ ಹಣ ಕೇಳಿದರೆ ಗಾಡಿ ಇದ್ದವಳಿಗೆ ಮಾತ್ರ ಲಾಭ. ಗಾಡಿ ಇಲ್ಲದವಳು ನಮಗಿಂತ ಬಡವಳು. ಅವಳನ್ನು ಬಿಟ್ಟು ಕೇಳುವುದು ಸಂಘದ ರೀತಿಯಲ್ಲ. ಆದ್ದರಿಂದ ಬೇಡಿಕೆ ಹೀಗಿರಲಿ:

• ಬಸ್ಸಿಲ್ಲದ ಹೊತ್ತಿನ ಪಾಳಿಗೆ ಗಾಡಿ ತರುವವರ ಪಾರ್ಕಿಂಗ್ ಖರ್ಚು ಪೂರ್ತಿ ಮಾಲೀಕರದು.
• ಬಸ್ಸಿನಲ್ಲಿ, ರೈಲಿನಲ್ಲಿ, ನಡೆದು ಬರುವವರಿಗೂ ಅಷ್ಟೇ ಮೊತ್ತದ ಪ್ರಯಾಣ ಭತ್ಯೆ.
• ರಾತ್ರಿ ಪಾಳಿಯ ಮಹಿಳೆಯರಿಗೆ ಹಣ ಅಲ್ಲ, ಮನೆಗೆ ಬಿಡುವ ವಾಹನ.

ಕೇಳುವ ಕ್ರಮವೂ ಮುಖ್ಯ. ಒಬ್ಬಳೇ ಹೋಗಿ ಮೇಲ್ವಿಚಾರಕರ ಹತ್ತಿರ ಗೋಗರೆಯಬೇಡಿ. ‘ಬೇಕಾದ್ರೆ ಮಾಡು, ಇಲ್ಲಾಂದ್ರೆ ಬಿಡು, ಬಾಗಿಲ ಹತ್ರ ಇನ್ನೂ ಹತ್ತು ಜನ ನಿಂತಿದಾರೆ’ ಅನ್ನುವ ಮಾತು ಒಬ್ಬಳಿಗೆ ಹೇಳುವುದು ಸುಲಭ, ನಲವತ್ತು ಜನಕ್ಕೆ ಹೇಳುವುದು ಕಷ್ಟ. ಒಂದು ತಿಂಗಳ ಪಾರ್ಕಿಂಗ್ ಚೀಟಿ, ಬಸ್ ಟಿಕೆಟ್ ಎಲ್ಲ ಕೂಡಿಡಿ. ನೇಮಕಾತಿ ಪತ್ರ ಇಲ್ಲದಿದ್ದರೆ ಮೊದಲು ಅದನ್ನು ಕೇಳಿ ಪಡೆಯಿರಿ. ಈಗ ಅದು ಪ್ರತಿ ಕೆಲಸಗಾರರ ಹಕ್ಕು. ಮನವಿಯನ್ನು ಬರೆದು ಎಲ್ಲರೂ ಸಹಿ ಮಾಡಿ ಗುತ್ತಿಗೆದಾರರಿಗೆ ಕೊಡಿ. ಒಂದು ಪ್ರತಿ ಗುತ್ತಿಗೆ ಕೊಟ್ಟ ಮುಖ್ಯ ಸಂಸ್ಥೆಗೂ ಹೋಗಲಿ. ಗುತ್ತಿಗೆದಾರರ ಕೈಯಲ್ಲಿ ಹಣ ಇಲ್ಲ ಅಂದರೂ, ಮುಂದಿನ ಗುತ್ತಿಗೆಯ ಕರಾರಿನಲ್ಲಿ ಈ ಖರ್ಚು ಸೇರಿಸುವ ಅಧಿಕಾರ ಆ ಸಂಸ್ಥೆಗೆ ಇದೆ. ಕೊಟ್ಟ ಪತ್ರಕ್ಕೆ ಸ್ವೀಕೃತಿ ಪಡೆಯಲು ಮರೆಯಬೇಡಿ.

ಸಂಘದ ಜವಾಬ್ದಾರಿ

ಕೆಲಸಕ್ಕೆ ಹೋಗಲು ಸ್ಕೂಟರ್ ಬೇಕು ಎಂದು ಸದಸ್ಯೆ ಸಾಲ ಕೇಳಿದಾಗ ನಾವು ಸಂಬಳ ಎಷ್ಟು ಅಂತ ಮಾತ್ರ ಕೇಳುತ್ತೇವೆ. ಇನ್ನು ಮೇಲೆ ಪಾಳಿ ಯಾವಾಗ, ಬಸ್ಸು ಇದೆಯಾ, ಪಾರ್ಕಿಂಗ್ ಎಷ್ಟು, ಯಾರು ಕೊಡ್ತಾರೆ ಅಂತಲೂ ಕೇಳೋಣ. 2,600 ರೂ. ದಾರಿಗೆ ಹೋದ ಮೇಲೆ ಕಂತು ಕಟ್ಟಲಾಗದೆ ಅವಳು ಸಭೆಗೆ ಬರುವುದನ್ನೇ ಬಿಟ್ಟರೆ, ಹಣದ ಜೊತೆ ಒಬ್ಬ ಸಹೋದರಿಯನ್ನೂ ಕಳೆದುಕೊಂಡ ಹಾಗೆ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ಎಷ್ಟು ಮನೆಯವರು ದೂರದ ಕೆಲಸಕ್ಕೆ ಹೋಗುತ್ತಾರೆ? ಓಡಾಟದ ಖರ್ಚು ಸಂಬಳದಲ್ಲಿ ನೂರಕ್ಕೆ ಎಷ್ಟು?
2. ಗಾಡಿ ಇರುವವಳಿಗೂ ಬಸ್ಸಿನಲ್ಲಿ ಹೋಗುವವಳಿಗೂ ಒಂದೇ ಭತ್ಯೆ ಕೊಡುವುದು ನ್ಯಾಯವೇ?
3. ನಮ್ಮ ಊರಿಗೆ ಯಾವ ಹೊತ್ತಿನ ಬಸ್ಸು ಬೇಕು? ಯಾರಿಗೆ ಅರ್ಜಿ ಕೊಡಬೇಕು?

ಮುಂದಿನ ಸಭೆಗೆ: ದುಡಿಯಲು ಹೋಗುವ ಪ್ರತಿಯೊಬ್ಬರೂ ಒಂದು ವಾರದ ದಾರಿ ಖರ್ಚನ್ನು ಬರೆದು ತನ್ನಿ. ಬರೆಯಲು ಬಾರದವರಿಗೆ ಮಕ್ಕಳು ಬರೆದುಕೊಡಲಿ. ಎಲ್ಲರ ಲೆಕ್ಕ ಕೂಡಿಸಿ ನಿರ್ಣಯ ಪುಸ್ತಕದಲ್ಲಿ ದಾಖಲಿಸೋಣ. ಲೆಕ್ಕ ಕೈಯಲ್ಲಿದ್ದರೆ ಮಾತಿಗೆ ಬಲ ಬರುತ್ತದೆ.