ಡಬ್ಬದ ಮೇಲಿನ ಅಂಕಿ ನೋಡಿ ಕೊಳ್ಳಬೇಡಿ

ಮಗುವಿನ ನಾಮಕರಣ, ರಂಭಾಪುರಿ ಪೀಠದ ಜಾತ್ರೆ, ರಾತ್ರಿಯ ಯಕ್ಷಗಾನ ಇಷ್ಟನ್ನೂ ಚಿತ್ರೀಕರಿಸಲು ಐದಾರು ಸಾವಿರದ ಕ್ಯಾಮ್‌ಕಾರ್ಡರ್ ಸಾಕೇ ಎಂದು ಬಾಳೆಹೊನ್ನೂರಿನಿಂದ ಬರೆದಿದ್ದೀರಿ. ಹಗಲಿಗೆ ಹೇಗೋ ನಡೆದೀತು, ಯಕ್ಷಗಾನಕ್ಕೆ ಸಾಲದು.

ಡಬ್ಬದ ಮೇಲೆ ‘4ಕೆ, 48 ಮೆಗಾಪಿಕ್ಸೆಲ್, 16 ಪಟ್ಟು ಜೂಮ್’ ಎಂದು ದಪ್ಪಕ್ಷರದಲ್ಲಿರುತ್ತದೆ. ಈ ಬೆಲೆಯಲ್ಲಿ ಸಿಗುವುದು ಸಾಮಾನ್ಯವಾಗಿ ಡಿಜಿಟಲ್ ಜೂಮ್. ಲೆನ್ಸ್ ಅಲುಗಾಡುವುದೇ ಇಲ್ಲ. ಕ್ಯಾಮೆರಾ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುತ್ತದೆ, ಅಷ್ಟೆ. ಬಣ್ಣದ ವೇಷದ ಮುಖವರ್ಣಿಕೆಯ ಗೆರೆಗಳೆಲ್ಲ ಕಲಸಿಹೋಗುತ್ತವೆ. ‘ಆಪ್ಟಿಕಲ್ ಜೂಮ್’ ಎಂದು ಬರೆದಿದೆಯೇ ನೋಡಿ. ಅಂಗಡಿಯ ಮಬ್ಬು ಮೂಲೆಯಲ್ಲಿ ನಡೆದಾಡುತ್ತಾ ಒಂದು ನಿಮಿಷ ಚಿತ್ರೀಕರಿಸಿ, ಅದನ್ನು ಕ್ಯಾಮೆರಾದ ಪುಟ್ಟ ಪರದೆಯಲ್ಲಲ್ಲ, ದೊಡ್ಡ ಟಿವಿಯಲ್ಲಿ ಹಾಕಿಸಿ ನೋಡಿ. ಹೊರಗಿನ ಮೈಕ್ ಸಿಕ್ಕಿಸಲು ಜಾಗವಿರಲಿ. ಚೆಂಡೆಯ ಪೆಟ್ಟಿಗೆ ಒಳಗಿನ ಮೈಕ್ ಒಡಕು ದನಿ ಕೊಡುವುದೇ ಹೆಚ್ಚು.

ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಚಪ್ಪಲಿಗೆ ಮಾತ್ರವಲ್ಲ, ಲೆನ್ಸಿಗೂ ಹಿಡಿಯುತ್ತದೆ. ಬಟ್ಟೆಯ ಬೀರುವಿನಲ್ಲಿಡದೆ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡಿ.

ನನ್ನನ್ನು ಕೇಳಿದರೆ, ಕೈಯಲ್ಲಿರುವ ಫೋನು ಸುಮಾರಾಗಿದ್ದರೂ ಸಾಕು. ಕ್ಯಾಮ್‌ಕಾರ್ಡರ್‌ಗೆಂದಿಟ್ಟ ದುಡ್ಡಿಗೆ ಗಟ್ಟಿಯಾದ ಟ್ರೈಪಾಡ್, ಒಂದು ಮೈಕ್, ದೊಡ್ಡ ಮೆಮೊರಿ ಕಾರ್ಡ್ ಕೊಳ್ಳಿ.